ದೂರದ ಬೆಟ್ಟವನ್ನು ನೋಡುವ ಬಗೆ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ದೂರದಲ್ಲಿರುವುದರ ಕಲ್ಲುಮುಳ್ಳುಗಳು ನಮಗೆ ಕಾಣಿಸುವುದಿಲ್ಲ. ಕಾಣಿಸದ ಕಾರಣ ಅವು ಇಲ್ಲವೆಂದೇ ಭಾವಿಸುತ್ತೇವೆ. ಆ ಬೆಟ್ಟ ಬೆಂಕಿ ಕಾರುವ ಬೆಟ್ಟವಾಗಿದ್ದರಂತೂ ನುಣುಪಿನ ಜೊತೆಗೆ ಬೆಡಗೂ ಸೇರಿಕೊಳ್ಳುತ್ತದೆ. ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಈ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕನಾದ ನಾನು ಹಳೆಯ ನೆನಪುಗಳನ್ನು ಬರೆಯಬಹುದಿತ್ತು. ಆ ಕಾರ್ಯವನ್ನು ನನಗಿಂತ ಹಿರಿಯರೂ ಸಮರ್ಥರೂ ಆದವರು ಮಾಡುವರೆಂದು ನಂಬಿ, ಕೆಲವು ವರ್ಷಗಳಿಂದ ನನ್ನನ್ನು ಹಿಡಿದಿರುವ ಒಂದು ಹವ್ಯಾಸವನ್ನೂ ಅದು ಕಲಿಸಿದ ಪಾಠವನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಮೂವತ್ತು ವರ್ಷಗಳಿಗೂ ಮಿಕ್ಕಿ ಜ್ವಾಲಾಮುಖಿಯ ಪಾಠವನ್ನು ನಾನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದು ಹೇಳಿದ್ದೇನೆ. ಕೆಂಪು ಸೀಮೆಸುಣ್ಣ ಬೇಗ ಸವೆಯುತ್ತಿದ್ದುದು ಆ ಪಾಠದ ದಿನವೇ. ಆದರೆ ಹೇಳಿದವನು ನಿಜವಾದ ಜ್ವಾಲಾಮುಖಿಯೊಂದನ್ನೂ ಕಂಡವನಲ್ಲ. ನಮ್ಮ ದೇಶದಲ್ಲಿ ಇಂದು ಬೆಂಕಿ ಕಾರುವ ಬೆಟ್ಟವೆಂದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೊಂದೇ. ಅಲ್ಲಿ ಜನವಸತಿಯೂ ಇಲ್ಲ. ಹೀಗಿರುವಾಗ 2021ರ ಮಾರ್ಚ್ 19ರ ರಾತ್ರಿ ಐಸ್‌ಲೆಂಡ್ ದೇಶದ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ, ಫಾಗ್ರದಾಲ್ಸ್‌ಫ್ಯಾಲ್ ಎಂಬ ಬೆಟ್ಟದ ಕಣಿವೆಯಲ್ಲಿ ನೆಲ ಬಿರಿದು ಲಾವಾರಸ ಉಕ್ಕಿತು. ಸುಮಾರು 800 ವರ್ಷಗಳಿಂದ ಆ ಪರ್ಯಾಯ ದ್ವೀಪದಲ್ಲಿ ಜ್ವಾಲಾಮುಖಿಯ ಸುಳಿವಿರಲಿಲ್ಲ. ಅಲ್ಲಿಯ ದೂರದರ್ಶನ ಸಂಸ್ಥೆಯವರು ಎದುರಿನ ಗುಡ್ಡದ ಮೇಲೆ ಕ್ಯಾಮೆರಾ ನೆಟ್ಟು, ಹಗಲಿರುಳೂ ಆ ದೃಶ್ಯವನ್ನು ಜಗತ್ತಿಗೆಲ್ಲ ತೋರಿಸಿದರು. ನಮ್ಮಲ್ಲಿ ಆಗ ಕೊರೋನಾದ ಎರಡನೆಯ ಅಲೆ. ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಗ ಕೊಡಿಸಿದ ಫೋನಿನಲ್ಲಿ ಆ ಕಣಿವೆಯನ್ನು ನೋಡುತ್ತ ಎಷ್ಟೋ ರಾತ್ರಿಗಳನ್ನು ಕಳೆದೆ. ಆರು ತಿಂಗಳ ಕಾಲ ಅದು ಉರಿಯಿತು. ಅಷ್ಟರಲ್ಲಿ ನಾನೊಬ್ಬ ಹವ್ಯಾಸಿಯಾಗಿದ್ದೆ.

ಕೇವಲ ಬೆಂಕಿಯನ್ನು ನೋಡಿದರೆ ತೃಪ್ತಿಯಾಗದೆ ಅದರ ಮೂಲವನ್ನು ತಿಳಿಯುವ ಹಂಬಲ ಹುಟ್ಟಿತು. ಐಸ್‌ಲೆಂಡ್ ಇರುವುದು ಭೂಮಿಯ ಎರಡು ಮಹಾಫಲಕಗಳು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ಒಂದರಿಂದೊಂದು ದೂರ ಸರಿಯುವ ಎಡೆಯಲ್ಲಿ. ನೆಲದಡಿ ನಾಲ್ಕೈದು ಕಿಲೋಮೀಟರ್ ಆಳದಲ್ಲಿ ಶಿಲಾಪಾಕ ಬಂದು ಶೇಖರವಾದಂತೆ ಮೇಲಿನ ನೆಲ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಬ್ಬುತ್ತದೆ. ಉಪಗ್ರಹಗಳ ನೆರವಿನಿಂದ ಆ ಉಬ್ಬನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಒತ್ತಡ ಮಿತಿಮೀರಿದಾಗ ಶಿಲಾಪಾಕ ಪಕ್ಕದ ಬಂಡೆಗಳನ್ನು ಸೀಳಿಕೊಂಡು ಹೊರಡುತ್ತದೆ. ಸಣ್ಣ ಸಣ್ಣ ಭೂಕಂಪಗಳು ಸಾಲುಗಟ್ಟುತ್ತವೆ. ಉಬ್ಬಿದ ನೆಲ ಕುಸಿಯುತ್ತದೆ. ಸೀಳು ನೆಲದ ಮೇಲ್ಮೈಯನ್ನು ಮುಟ್ಟಿದರೆ ಬೆಂಕಿ. ಮುಟ್ಟದಿದ್ದರೆ ಮತ್ತೆ ಮೌನ. ಈ ಅಳತೆಗಳನ್ನೆಲ್ಲ ಅಲ್ಲಿಯ ಹವಾಮಾನ ಸಂಸ್ಥೆ ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. ಸಹಸ್ರಾರು ಮೈಲಿ ದೂರದ ನಿವೃತ್ತ ಶಿಕ್ಷಕನೊಬ್ಬನು ತನ್ನ ಪಡಸಾಲೆಯಲ್ಲಿ ಕುಳಿತು ಇನ್ನೊಂದು ದೇಶದ ನೆಲದ ಏರಿಳಿತವನ್ನು ದಿನದಿನವೂ ಓದಬಲ್ಲನೆಂದರೆ, ಅದು ಈ ಯುಗದ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಉಪಕಾರದೊಳಗೇ ಒಂದು ಅಪಾಯವಿರುವುದನ್ನು 2024ರ ಜನವರಿ 14ರಂದು ಕಂಡುಕೊಂಡೆ. ಅದೇ ಪರ್ಯಾಯ ದ್ವೀಪದ ದಕ್ಷಿಣ ತೀರದಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರಿದೆ. 2023ರ ನವೆಂಬರ್ 10ರ ರಾತ್ರಿ ಆ ಊರಿನ ಅಡಿಯಲ್ಲೇ ಶಿಲಾಪಾಕ ಸುಮಾರು 15 ಕಿಲೋಮೀಟರ್ ಉದ್ದದ ಸೀಳನ್ನು ಮಾಡಿಕೊಂಡು ಹಾದುಹೋಯಿತು. ಸುಮಾರು 3,800 ಜನರ ಆ ಊರನ್ನು ಅಂದೇ ತೆರವು ಮಾಡಿಸಿದರು. ಬೀದಿಗಳು ಬಿರುಕುಬಿಟ್ಟವು. ಊರಿನ ಸುತ್ತ ಮಣ್ಣುಕಲ್ಲುಗಳ ಎತ್ತರದ ಒಡ್ಡು ಕಟ್ಟುವ ಕೆಲಸ ಹಗಲು ರಾತ್ರಿ ನಡೆಯಿತು. ಜನವರಿ 14ರ ಬೆಳಿಗ್ಗೆ ಒಡ್ಡಿನ ಹೊರಗೆ ನೆಲ ಬಾಯ್ದೆರೆಯಿತು. ಒಡ್ಡು ತನ್ನ ಕೆಲಸ ಮಾಡಿ ಬಹುಪಾಲು ಲಾವಾರಸವನ್ನು ಆಚೆಗೆ ತಿರುಗಿಸಿತು. ಆದರೆ ಅಲ್ಲಿಯ ಮಧ್ಯಾಹ್ನದ ಹೊತ್ತಿಗೆ ಎರಡನೆಯ ಬಿರುಕೊಂದು ಒಡ್ಡಿನ ಒಳಗೆ, ಮನೆಗಳ ಅಂಚಿನಲ್ಲೇ ತೆರೆದುಕೊಂಡಿತು.

ನಮ್ಮಲ್ಲಿ ಅದು ಭೋಗಿಯ ಹಬ್ಬದ ಭಾನುವಾರ, ಮರುದಿನ ಸಂಕ್ರಮಣ. ಮಧ್ಯಾಹ್ನ ಸಜ್ಜೆಯ ರೊಟ್ಟಿ, ಎಣ್ಣೆಗಾಯಿಯ ಊಟವಾಗಿತ್ತು. ಮನೆತುಂಬ ಮಕ್ಕಳು ಮೊಮ್ಮಕ್ಕಳು. ಇಳಿಹೊತ್ತಿನಲ್ಲಿ ಲಾವಾರಸದ ನಾಲಗೆಯೊಂದು ಬಿಳಿಯ ಗೋಡೆಯ ಮನೆಯನ್ನು ಮುಟ್ಟುವುದನ್ನು ನಾನು ಕಂಡೆ. ಕಂಡವನೇ, "ಎಲ್ಲಾರೂ ಲಗೂನ ಬರ್ರಿ, ಮನಿಗೆ ಬೆಂಕಿ ಹತ್ತಾಕತ್ತೈತಿ!" ಎಂದು ಕೂಗಿದೆ. ಆ ಕೂಗಿನಲ್ಲಿ ಗಾಬರಿಯಿರಲಿಲ್ಲ, ಉತ್ಸಾಹವಿತ್ತು. ಜಾತ್ರೆಯಲ್ಲಿ ತೇರು ಹೊರಟಿತೆಂದು ಮಕ್ಕಳನ್ನು ಕರೆಯುವ ದನಿ ಅದು. ಎಲ್ಲರೂ ಬಂದು ನೋಡಿದರು. ನನ್ನ ಮನೆಯವರು ಕುಸುರೆಳ್ಳಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು, "ಆ ಮನಿ ಮಂದಿನೂ ಇದನ್ನ ಹಿಂಗ ನೋಡಾಕತ್ತಿರಬೇಕಲ್ರೀ?" ಎಂದರು.

ನಾನು ಉತ್ತರ ಕೊಡಲಿಲ್ಲ. ಏಕೆಂದರೆ ಅದು ನಿಜವಾಗಿತ್ತು. ಊರು ಬಿಟ್ಟು ಬೇರೆಡೆ ಆಶ್ರಯ ಪಡೆದಿದ್ದ ಜನ, ನಾನು ನೋಡುತ್ತಿದ್ದ ದೃಶ್ಯವನ್ನೇ ನೋಡುತ್ತಿದ್ದರು. ಅಂದು ಮೂರು ಮನೆಗಳು ಸುಟ್ಟುಹೋದವು. ಅದಕ್ಕೆ ನಾಲ್ಕು ದಿನ ಮೊದಲು, ಊರಿನ ಬಿರುಕುಗಳನ್ನು ತುಂಬಿಸುವ ಕೆಲಸದಲ್ಲಿದ್ದ ಒಬ್ಬ ಕಾರ್ಮಿಕ ಅಂಥದೇ ಬಿರುಕಿನಲ್ಲಿ ಕಾಣೆಯಾಗಿದ್ದ. ಹುಡುಕಿದವರು ಕೊನೆಗೆ ಕೈಚೆಲ್ಲಬೇಕಾಯಿತು. ಆ ಸುದ್ದಿಯನ್ನು ನಾನು ಓದಿದ್ದೆ. ಓದಿ, ಮುಂದಿನ ಪುಟದ ಭೂಕಂಪದ ನಕಾಶೆಗೆ ಹೋಗಿದ್ದೆ! ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಕಣ್ಣು ಇಷ್ಟು ಕುರುಡಾಗಿರಬಹುದೆಂದು ನಾನು ಎಣಿಸಿರಲಿಲ್ಲ.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ದೂರದಿಂದ ನೋಡುವವನು ಕೇವಲ ತಮಾಷೆ ನೋಡುವವನೇ? ಅವನ ನೋಟಕ್ಕೆ ಬೇರೆ ಬೆಲೆಯಿಲ್ಲವೇ? ನೋಡುವುದನ್ನೇ ಬಿಟ್ಟುಬಿಡೋಣವೆಂದೂ ಒಮ್ಮೆ ಅನಿಸಿತು. ಆಗ ನೆರವಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ದೂರದ ನೋಟಕರ ಕಥೆ.

1883ರ ಆಗಸ್ಟ್ 27ರಂದು ಸುಂದಾ ಜಲಸಂಧಿಯ ಕ್ರಕಟೋವ ಸಿಡಿಯಿತು. ಅದೆಬ್ಬಿಸಿದ ಸಮುದ್ರದ ಅಲೆಗಳಿಗೆ ಸಿಕ್ಕಿ ಮಡಿದವರೇ ಹೆಚ್ಚು. ಒಟ್ಟು 36,000ಕ್ಕೂ ಮಿಕ್ಕಿ ಜನ ತೀರಿಕೊಂಡರು. ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ಪೊಲೀಸ್ ಮುಖ್ಯಸ್ಥನೊಬ್ಬ, ಫಿರಂಗಿ ಹಾರಿಸಿದಂಥ ಸದ್ದು ಪೂರ್ವ ದಿಕ್ಕಿನಿಂದ ಕೇಳಿಬಂದುದನ್ನು ಗುರುತುಹಾಕಿಕೊಂಡ. ಅದು ಏನೆಂದು ಅವನಿಗೆ ತಿಳಿಯದು, ಆದರೂ ಬರೆದಿಟ್ಟ. ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ದಕ್ಷಿಣ ಭಾರತದ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡು ಬೆರಗಾದರು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮಿಚೀ ಸ್ಮಿತ್ ಅವರು ಆ ಬೆಳಕನ್ನು ವರ್ಣಪಟಲದರ್ಶಕದಿಂದ ಪರೀಕ್ಷಿಸಿ ವಿವರವನ್ನು ಪ್ರಕಟಿಸಿದರು. ಹೊನೊಲುಲುವಿನಲ್ಲಿ ಸೆರೆನೊ ಬಿಷಪ್ ಎಂಬ ಧರ್ಮೋಪದೇಶಕರು ಸೂರ್ಯನ ಸುತ್ತ ಮಸುಕಾದ ಬಳೆಯೊಂದನ್ನು ಗುರುತಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಲಂಡನ್ನಿನಲ್ಲಿ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಥೇಮ್ಸ್ ನದಿಯ ದಂಡೆಯಲ್ಲಿ ನಿಂತು ಸಂಜೆಯ ಕೆಂಪನ್ನು ನೂರಾರು ಚಿತ್ರಗಳಲ್ಲಿ ಸೆರೆಹಿಡಿದ. ಇಂಥ ಬಿಡಿ ಬಿಡಿ ಬರಹಗಳನ್ನೆಲ್ಲ ಕಲೆಹಾಕಿ ರಾಯಲ್ ಸೊಸೈಟಿಯವರು 1888ರಲ್ಲಿ ದೊಡ್ಡದೊಂದು ವರದಿಯನ್ನು ಹೊರತಂದರು. ಒಂದು ಬೆಟ್ಟದ ಧೂಳು ಭೂಮಂಡಲವನ್ನೇ ಹೇಗೆ ಸುತ್ತುತ್ತದೆಂಬುದು ಲೋಕಕ್ಕೆ ಸ್ಪಷ್ಟವಾದದ್ದು ಹೀಗೆ.

ಇವರಲ್ಲಿ ಯಾರೂ ಕ್ರಕಟೋವದ ಬಳಿ ಇದ್ದವರಲ್ಲ; ಹೆಚ್ಚಿನವರು ಜ್ವಾಲಾಮುಖಿಯ ಪಂಡಿತರೂ ಅಲ್ಲ. ಅವರಿಗೆ ಬೆಂಕಿ ಕಾಣಿಸಲಿಲ್ಲ. ಕಂಡದ್ದು ಅಷ್ಟಿಷ್ಟು ಬಣ್ಣ, ಕೇಳಿದ್ದು ಒಂದು ಸದ್ದು. ಆ ಅಲ್ಪವನ್ನೇ ಅವರು ದಿನ, ವೇಳೆ, ದಿಕ್ಕುಗಳ ಸಮೇತ ಪ್ರಾಮಾಣಿಕವಾಗಿ ಬರೆದಿಟ್ಟರು. ನನಗೋ ಇಡೀ ಬೆಂಕಿಯೇ ಕಾಣಿಸುತ್ತಿತ್ತು. ನಾನು ಒಂದು ಸಾಲನ್ನೂ ಬರೆದಿರಲಿಲ್ಲ. ನೋಡುವುದು ಸುಲಭವಾದಷ್ಟೂ ಗಮನಿಸುವುದು ಅಪರೂಪವಾಗುತ್ತದೆಯೆಂಬ ಮಾತು ನನ್ನ ಮಟ್ಟಿಗೆ ನಿಜವಾಗಿತ್ತು.

ಆದುದರಿಂದ ನೂರು ಪುಟದ ಒಂದು ನೋಟುಬುಕ್ಕನ್ನು ತಂದು ಪ್ರತಿ ಪುಟದಲ್ಲೂ ಮೂರು ಕಲಂ ಗೆರೆ ಎಳೆದೆ. ಮೊದಲನೆಯದು ನಾನು ಕಂಡದ್ದು. ಎರಡನೆಯದು ಬಲ್ಲವರು ಹೇಳಿದ್ದು. ಮೂರನೆಯದು ನಾನು ಊಹಿಸಿದ್ದು. ಮೂರನೆಯ ಕಲಂ ನನ್ನ ಗರ್ವವನ್ನು ಬಹುಬೇಗ ಇಳಿಸಿತು. 2024ರ ಮಾರ್ಚ್ 2ರ ರಾತ್ರಿ ಅಲ್ಲಿ ಭೂಕಂಪಗಳು ಸಾಲುಗಟ್ಟಿದಾಗ, 'ಈ ರಾತ್ರಿಯೇ ಸ್ಫೋಟ, ಸಂಶಯವಿಲ್ಲ' ಎಂದು ಬರೆದು ಬೆಳಗಿನವರೆಗೆ ಎಚ್ಚರವಿದ್ದೆ. ಶಿಲಾಪಾಕ ನೆಲದಡಿಯಲ್ಲೇ ನಿಂತುಬಿಟ್ಟಿತು. ಬೆಂಕಿ ಬಂದದ್ದು ಮಾರ್ಚ್ 16ರಂದು. ಅಂದು ನಾನು ಏನನ್ನೂ ಊಹಿಸಿರಲಿಲ್ಲ. 2023ರ ಡಿಸೆಂಬರಿನಿಂದ 2025ರ ಆಗಸ್ಟ್‌ವರೆಗೆ ಆ ಸಾಲಿನಲ್ಲಿ ಒಂಬತ್ತು ಬಾರಿ ಜ್ವಾಲಾಮುಖಿ ಎದ್ದಿತು. ತಪ್ಪಿದ ಊಹೆಗಳ ಮೇಲೆ ನಾನು ಗೀಟು ಹಾಕಿಲ್ಲ. ಅವು ಹಾಗೆಯೇ ಇರಲಿ. ಬಳಿಕ ಅದೇ ಪುಸ್ತಕಕ್ಕೆ ನಾಲ್ಕನೆಯ ಕಲಂ ಒಂದನ್ನು ಸೇರಿಸಿದೆ: ಅಲ್ಲಿಯ ಜನರಿಗೆ ಏನಾಯಿತು? ಊರ ಮನೆಗಳನ್ನು ಕೊಂಡುಕೊಳ್ಳಲು ಆ ದೇಶದ ಸಂಸತ್ತು 2024ರ ಫೆಬ್ರವರಿಯಲ್ಲಿ ಕಾನೂನು ಮಾಡಿದ್ದು, ಒಡ್ಡುಗಳ ವೆಚ್ಚಕ್ಕೆಂದು ದೇಶದ ಮನೆಮಾಲೀಕರೆಲ್ಲರ ಮೇಲೆ ಸಣ್ಣದೊಂದು ತೆರಿಗೆ ಬಿದ್ದದ್ದು, ಇವೆಲ್ಲ ಆ ಕಲಮಿನಲ್ಲಿವೆ. ಯಾರದೋ ಊರನ್ನು ಉಳಿಸಲು ಎಲ್ಲರೂ ಕೈಹಚ್ಚುವುದು, ದಾಸೋಹದ ಅರ್ಥವನ್ನು ಬಲ್ಲ ಈ ಸಂಚಿಕೆಯ ಓದುಗರಿಗೆ ಅಪರಿಚಿತವಾದ ಸಂಗತಿಯೇನಲ್ಲ.

ಈ ವಿಚಾರ ಹೇಳಿಕೊಂಡಾಗ ಹಳೆಯ ಸಹೋದ್ಯೋಗಿಗಳೊಬ್ಬರು, "ನಮ್ಮೂರ ಬಾವಿ ಬತ್ತಿರುವಾಗ ಆ ದೇಶದ ಬೆಂಕಿ ನಿಮಗೇಕೆ ಸರ್?" ಎಂದು ಕೇಳಿದರು. 2023ರ ಬರದ ನಂತರದ ಬೇಸಗೆ ಅದು. ಅವರ ಮಾತಿನಲ್ಲಿ ತೂಕವಿತ್ತು. ನಾವು ಉಳುವ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿದ ಲಾವಾರಸವೇ ಕಲ್ಲಾಗಿ, ಕಲ್ಲು ಸವೆದು ಆದದ್ದು. ಗೋಲಗುಮ್ಮಟದ ಕಲ್ಲೂ ಅದೇ ಕುಲದ್ದು. ಆ ಬೆಂಕಿ ನಮಗೆ ಅನ್ಯವಲ್ಲ ಎಂದು ಹೇಳಿ ಅವರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡದೆ ಹಗ್ಗವೊಂದಕ್ಕೆ ಗೇಣಿಗೊಂದು ಗಂಟು ಹಾಕಿ, ಅಂದಿನಿಂದ ಪ್ರತಿ ಸೋಮವಾರ ಹಿತ್ತಲ ಬಾವಿಯ ನೀರಿನ ಮಟ್ಟವನ್ನು ಅಳೆದು ಬರೆಯತೊಡಗಿದೆ. ಬಾವಿ ಇಳಿಯುವುದು ಬಿಸಿಲು ಬಲಿತ ಮೇಲೆಯೇ ಎಂದು ಜೀವಮಾನವಿಡೀ ನಂಬಿದ್ದೆ. ದೀಪಾವಳಿಯ ಹೊತ್ತಿಗಾಗಲೇ ಇಳಿತ ತೊಡಗುವುದೆಂದು ನೋಟುಬುಕ್ಕು ತೋರಿಸಿತು. ನೀರನ್ನು ಜೋಪಾನ ಮಾಡುವ ಬುದ್ಧಿಯನ್ನು ನಾವು ಯುಗಾದಿಗೆ ಕಲಿತರೆ ಪ್ರಯೋಜನವಿಲ್ಲ, ದೀಪಾವಳಿಗೇ ಕಲಿಯಬೇಕು. ದೂರದ ನೆಲದ ಮಿಲಿಮೀಟರುಗಳನ್ನು ಓದುವ ಅಭ್ಯಾಸವಾಗದಿದ್ದರೆ ಹತ್ತಿರದ ಬಾವಿಯ ಗೇಣುಗಳನ್ನು ನಾನು ಎಣಿಸುತ್ತಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಇಂದು ಜಗತ್ತಿನ ಸಮಸ್ತವನ್ನೂ ಅಂಗೈಯಲ್ಲಿ ನೋಡುತ್ತಿದ್ದಾರೆ. ನೋಡಬೇಡಿರೆಂದು ಗದರಿಸುವುದು ಶಿಕ್ಷಣವಲ್ಲ; ನೋಡುವ ಬಗೆಯನ್ನು ಕಲಿಸುವುದು ಶಿಕ್ಷಣ. ಶಿಕ್ಷಕ ಬಂಧುಗಳು ವಾರಕ್ಕೊಂದು ಅವಧಿಯನ್ನು ಇದಕ್ಕಾಗಿ ಬಿಟ್ಟುಕೊಡಲಿ. ಪ್ರತಿ ವಿದ್ಯಾರ್ಥಿಯೂ ದೂರದ್ದೊಂದು, ಹತ್ತಿರದ್ದೊಂದು ಸಂಗತಿಯನ್ನು ಆರಿಸಿಕೊಂಡು ವರ್ಷವಿಡೀ ನಾಲ್ಕು ಕಲಂಗಳಲ್ಲಿ ಬರೆಯಲಿ. ಅದಕ್ಕೆ ಅಂಕಗಳು ಬೇಡ. ತಪ್ಪಿದ ಊಹೆಯನ್ನು ಅಳಿಸದೆ ಉಳಿಸಿದವನಿಗೆ ಒಂದು ಒಳ್ಳೆಯ ಮಾತು ಸಾಕು. ನಾಡಿನ ಹೊರಗೆ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಾವಿರುವ ಊರಿನ ಮಳೆ, ಹಿಮ, ನದಿ, ಬೆಟ್ಟಗಳ ಬಗ್ಗೆ ತಿಂಗಳಿಗೊಂದು ಪತ್ರ ಬರೆದರೆ ತರಗತಿಗೆ ಅದೇ ಒಂದು ಪಾಠವಾದೀತು. ಕಟ್ಟಡಗಳನ್ನು ಕಟ್ಟಿಸಿಕೊಟ್ಟ ಉದಾರ ದಾನಿಗಳಲ್ಲಿ ನನ್ನದೊಂದು ಸಣ್ಣ ಬಿನ್ನಹ: ಆ ಕಟ್ಟಡದ ಅಂಗಳದಲ್ಲಿ ಒಂದು ಮಳೆಮಾಪಕ, ಒಂದು ಉಷ್ಣಮಾಪಕ, ಮಕ್ಕಳ ನೋಟುಬುಕ್ಕುಗಳನ್ನು ವರ್ಷದಿಂದ ವರ್ಷಕ್ಕೆ ಕಾಪಿಡಲು ಒಂದು ಕಪಾಟು. ಇದಕ್ಕೆ ತಗಲುವ ವೆಚ್ಚ ಅಲ್ಪ. ಐವತ್ತು ವರ್ಷಗಳ ತರುವಾಯ ಈ ಊರಿನ ಮಳೆಬೆಳೆಯ ಚರಿತ್ರೆ ಬೇಕಾದವರು ಆ ಕಪಾಟಿನ ಬಾಗಿಲನ್ನೇ ತಟ್ಟುವರು.

ಗ್ರಿಂಡಾವಿಕ್ಕಿನ ಕ್ಯಾಮೆರಾವನ್ನು ನಾನು ಈಗಲೂ ನೋಡುತ್ತೇನೆ. ಸುಟ್ಟ ಮನೆಗಳ ಮೇಲೆ ಲಾವಾರಸ ಕಪ್ಪಾಗಿ ಹೆಪ್ಪುಗಟ್ಟಿದೆ. ಹೊಸದೇನಾದರೂ ಕಂಡರೆ ಮೊಮ್ಮಕ್ಕಳನ್ನು ಕರೆಯುತ್ತೇನೆ. ಆದರೆ ಮೊದಲು ಆ ಊರಿನ ಹೆಸರು ಹೇಳಿ, ಅಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ ಎಂಬುದನ್ನು ತಿಳಿಸಿ, ಆಮೇಲೆ ಬೆಂಕಿಯನ್ನು ತೋರಿಸುತ್ತೇನೆ. ದೂರದ ಬೆಟ್ಟ ಈಗ ನನ್ನ ಕಣ್ಣಿಗೆ ನುಣ್ಣಗೆ ಕಾಣುವುದಿಲ್ಲ. ಈ ಶಾಲೆಯ ಮಕ್ಕಳ ಕಣ್ಣಿಗೂ ಹಾಗೆ ಕಾಣದಿರಲೆಂದು ಹಾರೈಸಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.