ಬಂಜೆ ಅಂದಿರಲ್ಲ, ಗಂಡನನ್ನು ಪರೀಕ್ಷೆ ಮಾಡಿಸಿದಿರಾ?

ನನ್ನ ಗೆಳೆಯನೊಬ್ಬನಿಗೆ ಮದುವೆಯಾಗಿ 6 ವರ್ಷ ಮಕ್ಕಳಾಗಲಿಲ್ಲ. ಹರಕೆ ಹೊತ್ತವಳು ಹೆಂಡತಿ, ಸ್ಕ್ಯಾನಿಂಗಿಗೆ ಮಲಗಿದವಳು ಹೆಂಡತಿ, ಬಂಜೆ ಅನ್ನಿಸಿಕೊಂಡವಳೂ ಅವಳೇ. ಗಂಡನ ವೀರ್ಯ ಪರೀಕ್ಷೆ ಆದದ್ದು ಆರನೇ ವರ್ಷ! ಅದರಲ್ಲಿ ಒಂದೇ ಒಂದು ವೀರ್ಯಾಣು ಇರಲಿಲ್ಲ. ಹುಟ್ಟಿದಾಗ ಅವನ ಎರಡು ಬೀಜಗಳೂ ಕೆಳಗಿಳಿದಿರಲಿಲ್ಲವಂತೆ. "ದೊಡ್ಡವನಾದ್ಮೇಲೆ ತಾನೇ ಇಳಿಯುತ್ತೆ ಬಿಡಮ್ಮ" ಅಂತ ಯಾರೋ ಹಿರಿಯರು ಅಂದರು, ತಾಯಿ ನಂಬಿದಳು. ಆಪರೇಷನ್ ಆದಾಗ ಅವನಿಗೆ 12 ವರ್ಷ.

ಗೆಳೆಯರೇ, ಇದು ನಾಗದೋಷವಲ್ಲ. ಗಂಡುಮಗುವಿನ ಬೀಜಗಳು ಮೊದಲು ಬೆಳೆಯುವುದು ಹೊಟ್ಟೆಯೊಳಗೆ. ಗರ್ಭದಲ್ಲಿರುವಾಗಲೇ ಅವು ಇಳಿದು ತರಡಿನ ಚೀಲ ಸೇರಬೇಕು. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಒಂದೋ ಎರಡೋ ಇಳಿದಿರುವುದಿಲ್ಲ; ತಿಂಗಳು ತುಂಬದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ಮೊದಲ ಕೆಲವು ತಿಂಗಳಲ್ಲಿ ತಾವೇ ಇಳಿಯುತ್ತವೆ. 6 ತಿಂಗಳಾದರೂ ಇಳಿಯದಿದ್ದರೆ ಕಾಯುವುದು ದಂಡ. ಆ ಚೀಲ ಮೈಗಿಂತ 2-4 ಡಿಗ್ರಿ ತಂಪು, ವೀರ್ಯಾಣು ಹುಟ್ಟಲು ಆ ತಂಪೇ ಬೇಕು. ಹೊಟ್ಟೆಯ ಕಾವಿನಲ್ಲಿ ಕೂತ ಬೀಜ ವರ್ಷ ತುಂಬುವ ಹೊತ್ತಿಗೇ ಕೆಡಲು ಶುರುವಾಗುತ್ತದೆ. ಅದಕ್ಕೇ ಡಾಕ್ಟರುಗಳು 6ರಿಂದ 18 ತಿಂಗಳೊಳಗೆ ಆಪರೇಷನ್ ಮಾಡಿಸಿ ಅನ್ನುವುದು. ಒಂದೇ ಬೀಜದ ತೊಂದರೆಯಿದ್ದವರು ಹೆಚ್ಚಿನಂಶ ತಂದೆಯಾಗುತ್ತಾರೆ. ಎರಡೂ ಮೇಲೇ ಉಳಿದರೆ ಕಷ್ಟ. ಬೀಜದ ಕ್ಯಾನ್ಸರಿನ ಅಪಾಯವೂ ಜಾಸ್ತಿ.

"ಮೀಸೆ ಗಡ್ಡ ಬಂದಿದೆಯಲ್ಲ, ಇನ್ನೇನು?" ಅನ್ನುವ ಶೂರರೂ ಇದ್ದಾರೆ. ಸ್ವಾಮಿ, ಮೀಸೆ ಬರಿಸುವ ಹಾರ್ಮೋನು ತಯಾರಿಸುವ ಕೋಶಗಳೇ ಬೇರೆ, ವೀರ್ಯಾಣುವಿನ ಕೋಶಗಳೇ ಬೇರೆ. ನನ್ನ ಗೆಳೆಯನ ಮೀಸೆ ನಮ್ಮೆಲ್ಲರಿಗಿಂತ ದಪ್ಪ!

ಹದಿಹರೆಯದ ತಮ್ಮಂದಿರಿಗೆ ಇನ್ನೊಂದು ಮಾತು. ಬೀಜ ಇದ್ದಕ್ಕಿದ್ದಂತೆ ಸಹಿಸಲಾಗದಷ್ಟು ನೋಯುತ್ತಿದ್ದರೆ ಅದು ತಿರುಚಿಕೊಂಡು ರಕ್ತ ನಿಂತಿರಬಹುದು. 6 ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ. ನಾಚಿಕೆಯಿಂದ ಹೊಟ್ಟೆನೋವು ಅಂತ ಸುಳ್ಳು ಹೇಳಿ ಬೆಳಗಿನವರೆಗೆ ಮಲಗಿದರೆ ಹೋಯಿತು. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ಬೀಜ ಊದಿಕೊಂಡರೂ ಡಾಕ್ಟರಿಗೆ ತೋರಿಸಿ.

ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಆದರೂ ಬಂಜೆ ಎಂಬ ಬೈಗುಳ ಹೆಂಗಸಿಗೆ ಮಾತ್ರ. ಗಂಡಸಿಗೆ ನಾವು ಬಳಸುವ ಷಂಡ, ನಪುಂಸಕದ ಅರ್ಥವೇ ಬೇರೆ. ಕನ್ನಡಕ್ಕಾಗಿ ಬೀದಿಯಲ್ಲಿ ಗಂಟಲು ಹರಿದುಕೊಳ್ಳುವ ನಮಗೆ ತರಡು ಎಂಬ ಅಚ್ಚಗನ್ನಡ ಪದವನ್ನು ಡಾಕ್ಟರೆದುರು ಆಡಲು ನಾಚಿಕೆ!

ಪರೀಕ್ಷೆಯಲ್ಲಿ ಸೊನ್ನೆ ಬಂದರೂ ಕೆಲವರಿಗೆ ಬೀಜದೊಳಗಿಂದಲೇ ವೀರ್ಯಾಣು ತೆಗೆದು ಮಗು ಪಡೆಯಬಹುದು. ಗೆಳೆಯ ಈಗ ಅದಕ್ಕೆ ದುಡ್ಡು ಹೊಂದಿಸುತ್ತಿದ್ದಾನೆ. ಹಳೇ ಕಾಗದ ತನ್ನಿ ಅಂದರಂತೆ. ತಾಯಿಯ ಟ್ರಂಕಿನಲ್ಲಿ ಆಪರೇಷನ್ ಆದಾಗಿನ ಚೀಟಿ ಸಿಕ್ಕಿತು. ಪ್ರಾಯಕ್ಕೆ ಬಂದ ಮೇಲೆ ತಪ್ಪದೆ ವೀರ್ಯ ಪರೀಕ್ಷೆ ಮಾಡಿಸಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಂಗ್ಲಿಷಿನಲ್ಲಿ. ಆ ತಾಯಿಗೆ ಓದಲು ಬರುವುದು ಕನ್ನಡ ಮಾತ್ರ.