ಅಪ್ಪ ಹೊರಗೆ, ಮಗಳು ಒಳಗೆ

ಮಾರ್ಚ್ ಕೊನೆಗೆ ಕೊಡಗಿನಲ್ಲಿ ಮಾತಿಗೆ ಎರಡೇ ವಿಷಯ. ಒಂದು ಹೂಮಳೆ, ಇನ್ನೊಂದು ಹಾಕಿ. ‘ನಿಮ್ಮ ಕಡೆ ಮಳೆ ಬಂತಾ, ಕಾಫಿ ಹೂವಾಯ್ತಾ’ ಅಂತ ಕೇಳಿದವರು ಮರುಮಾತಿಗೇ ‘ಟೀಮ್ ರೆಡಿಯಾ?’ ಅಂತ ಕೇಳ್ತಾರೆ. ಕ್ರಿಕೆಟ್ ಇಲ್ಲವೇ ಅಂದರೆ ಅದೂ ಇದೆ. ಐಪಿಎಲ್ ರಾತ್ರಿ ಟಿವಿಯಲ್ಲಿ ನೋಡ್ತೀವಿ. ಹಗಲು ಮಾತ್ರ ಹಾಕಿಗೆ ಮೀಸಲು.

ಹೊರಗಿನ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಒಂದು ಮನೆತನಕ್ಕೆ ಒಂದು ತಂಡ. ಪ್ರತಿ ವರ್ಷ ಒಂದೊಂದು ಕುಟುಂಬ ನಡೆಸಿಕೊಡುತ್ತೆ, ಆ ವರ್ಷದ ಕಪ್ಪಿಗೆ ಅದೇ ಕುಟುಂಬದ ಹೆಸರು. ಮೊದಲ ವರ್ಷ ಬಂದದ್ದು 60 ತಂಡ. 2018ರ ಜಲಪ್ರಳಯ, ಆಮೇಲೆ ಕೊರೊನಾ ಅಂತ ನಾಲ್ಕು ವರ್ಷ ನಿಂತುಹೋಗಿ, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯ್ತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡ, 2025ರ ಮುದ್ದಂಡ ಕಪ್‌ನಲ್ಲಿ 396.

ಲೆಕ್ಕಕ್ಕಿಂತ ನನಗೆ ಇಷ್ಟವಾಗೋದು ಬೇರೆ. ಇಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಅಜ್ಜಂದಿರು ಎಲ್ಲರೂ ಒಂದೇ ತಂಡದಲ್ಲಿ ಇಳಿಯಬಹುದು. ಬೇರೆ ಯಾವ ಟೂರ್ನಿಯಲ್ಲಿ ಅಪ್ಪ ಮಗಳಿಗೆ ಪಾಸ್ ಕೊಡೋಕೆ ಸಾಧ್ಯ ಹೇಳಿ? ಈ ವರ್ಷ ನಮ್ಮ ತಂಡದ ಪಟ್ಟಿಯಲ್ಲಿ ನನ್ನ ಮಗಳ ಹೆಸರೂ ಇದೆ. ಅವಳಿಗೆ ಹದಿಮೂರು, ನನಗೆ ನಲವತ್ತಾರು.

ಅವಳಿಗೆ ಹಾಕಿ ಹುಚ್ಚು ಹಿಡಿದದ್ದು ನನ್ನಿಂದ ಅಂತ ಎಲ್ಲರೂ ಅಂದ್ಕೊಂಡಿದಾರೆ. ಕೊಡಗಿನ ಹಾಕಿ ಅಂದರೆ ನಾವು ಒಂದು ಪಟ್ಟಿ ಬಾಯಿಪಾಠ ಒಪ್ಪಿಸ್ತೀವಲ್ಲ, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಈಚೆಗೆ ಅರ್ಜುನ್ ಹಾಲಪ್ಪ, ರಘುನಾಥ್, ಎಸ್.ವಿ. ಸುನಿಲ್ ಅಂತ, ಅದನ್ನ ನಾನೂ ಒಪ್ಪಿಸಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಇದ್ರಲ್ಲಿ ಹುಡುಗೀರು ಎಲ್ಲಿ ಅಪ್ಪ?’ ಉತ್ತರ ಅವಳಿಗೆ ಸಿಕ್ಕಿದ್ದು 2021ರ ಆಗಸ್ಟ್ 6ರ ಬೆಳಿಗ್ಗೆ, ಟಿವಿ ಮುಂದೆ. ಟೋಕಿಯೊದಲ್ಲಿ ನಮ್ಮ ಹುಡುಗಿಯರು ಬ್ರಿಟನ್ ವಿರುದ್ಧ ಕಂಚಿನ ಪಂದ್ಯ ಆಡ್ತಿದ್ರು. 0–2ರಿಂದ ಮೇಲೆ ಬಂದು 3–2 ಮಾಡಿ, ಕೊನೆಗೆ 3–4ರಲ್ಲಿ ಸೋತರು. ಹಿಂದಿನ ದಿನವಷ್ಟೇ ಗಂಡಸರ ತಂಡ ಜರ್ಮನಿಯನ್ನು ಸೋಲಿಸಿ ಕಂಚು ಗೆದ್ದಿತ್ತು. ಆ ಗೆಲುವಿಗೆ ಚಪ್ಪಾಳೆ ತಟ್ಟಿ ಸುಮ್ಮನಾದವಳು, ಈ ಸೋಲು ನೋಡಿ ‘ನನಗೆ ಸ್ಟಿಕ್ ಬೇಕು’ ಅಂದಳು.

ಅಲ್ಲಿಂದ ಐದು ವರ್ಷ ಮೈಸೂರಿನಲ್ಲಿ ಟರ್ಫ್ ಮೇಲೆ ಕಲಿತಿದ್ದಾಳೆ. ಶಾಲೆ ತಂಡದಲ್ಲಿ ರೈಟ್ ವಿಂಗ್. ನನ್ನದೂ ಅದೇ ಜಾಗ ಅನ್ನೋದು ನಮ್ಮ ತಂಡಕ್ಕೆ ಈಗ ತಲೆನೋವು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಮನೆಯಲ್ಲಿ ಎದ್ದ ತಕರಾರು. ಒಂಬತ್ತನೇ ಕ್ಲಾಸಿಗೆ ರಜೆಯಲ್ಲೇ ಟ್ಯೂಷನ್ ಶುರುವಾಗುತ್ತೆ, ಅದು ಹೇಗೋ ಹೊಂದಾಣಿಕೆ ಆಯ್ತು. ನನ್ನ ಹೆಂಡತಿಯ ಭಯ ಅದಲ್ಲ. ಎದುರು ತಂಡದಲ್ಲಿ ಮಿಲಿಟರಿಗೆ ಆಡಿದವರು, ಬ್ಯಾಂಕಿಗೆ ಆಡಿದವರು, ತೊಂಬತ್ತು ಕೆಜಿ ತೂಗುವವರು ಇರ್ತಾರೆ. ಹಾಕಿ ಚೆಂಡು ಸುಮಾರು 160 ಗ್ರಾಂ, ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟೇ ಭಾರ, ಹೊಡೆದರೆ ಕಲ್ಲು. ಶಾಲೆಯಲ್ಲಿ ಅವಳು ಆಡೋದು ತನ್ನ ವಯಸ್ಸಿನವರ ಜೊತೆ. ಇಲ್ಲಿ?

‘ನಿನ್ನ ಗಂಡ ಹದಿನಾಲ್ಕಕ್ಕೆ ಹಲ್ಲು ಮುರ್ಕೊಂಡು ಬಂದಿದ್ದ, ಆಗ ಯಾರು ಕೇಳಿದ್ರು?’ ಅಂದರು ನನ್ನ ಅವ್ವ.

‘ಯಾರೂ ಕೇಳ್ಲಿಲ್ಲ ಅತ್ತೆ. ಅದಕ್ಕೇ ನಾನು ಕೇಳ್ತಿದೀನಿ.’

ಆಗ ಮಗಳು ತೆಗೆದ ವಿಷಯಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಜವಾಬು ಇರಲಿಲ್ಲ. ನನ್ನ ದೊಡ್ಡಪ್ಪನ ಮೊಮ್ಮಗ, ಅವಳಿಗಿಂತ ಆರು ತಿಂಗಳು ಚಿಕ್ಕವನು, ಅವನೂ ಪಟ್ಟಿಯಲ್ಲಿದ್ದಾನೆ. ಅವನ ಹಲ್ಲಿನ ಬಗ್ಗೆ ಯಾಕೆ ಮೀಟಿಂಗ್ ಆಗ್ಲಿಲ್ಲ? ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗ್ಬೇಕಿತ್ತು’ ಅಂತ ಫೋನ್ ತಗೊಂಡು ಅವನ ಅಮ್ಮನಿಗೂ ಮಾಡಿದಳು. ಈಗ ಇಬ್ಬರಿಗೂ ಒಂದೇ ಕಾನೂನು. ಮೌತ್ ಗಾರ್ಡ್, ಶಿನ್ ಗಾರ್ಡ್ ಇಲ್ಲದೆ ಮೈದಾನಕ್ಕೆ ಇಳಿಯುವಂತಿಲ್ಲ. ಮೌತ್ ಗಾರ್ಡನ್ನು ಬಿಸಿನೀರಲ್ಲಿ ಅದ್ದಿ ಅವರವರ ಹಲ್ಲಿಗೆ ಕೂರಿಸಬೇಕು, ಅಣ್ಣಂದು ತಮ್ಮನಿಗೆ ಅಂತ ದಾಟಿಸೋ ವಸ್ತು ಅಲ್ಲ.

ಇನ್ನು ಪೆನಾಲ್ಟಿ ಕಾರ್ನರ್. ನಿಜವಾದ ಅಪಾಯ ಇರೋದು ಅಲ್ಲಿ. ಎದುರಾಳಿಗೆ ಕಾರ್ನರ್ ಸಿಕ್ಕರೆ ಗೋಲ್‌ಕೀಪರ್ ಸೇರಿ ನಮ್ಮ ಐದು ಜನ ಮಾತ್ರ ಗೋಲು ಕಾಯಬಹುದು, ಉಳಿದವರು ನಡುಗೆರೆಯ ಆಚೆ. ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯೋವರೆಗೆ ಆಟಗಾರರನ್ನು ಬದಲಿಸೋ ಹಾಗಿಲ್ಲ. ಹಾಗಾಗಿ ಮೊದಲೇ ತೀರ್ಮಾನ ಆಗಿರಬೇಕು. ಮಕ್ಕಳಿಬ್ಬರೂ ನಡುಗೆರೆಯ ಆಚೆ, ಚೆಂಡಿಗೆ ಎದುರು ಓಡೋದು ದೊಡ್ಡವರು. ಇದನ್ನ ಕೇಳಿದ ಮೇಲೆ ನನ್ನ ಹೆಂಡತಿ ಜರ್ಸಿಗೆ ಅಳತೆ ಕಳಿಸಿದಳು.

ಈಗ ಆ ತಲೆನೋವು. ಇಬ್ಬರು ರೈಟ್ ವಿಂಗ್ ಇಟ್ಟುಕೊಂಡು ಏನು ಮಾಡೋದು? ತಂಡದ ಮ್ಯಾನೇಜರ್ ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ. ಅವನು ಒಂದೇ ಮಾತಲ್ಲಿ ಮುಗಿಸಿದ: ‘ನೀನು ಹೊರಗೆ ಬಾ, ಅವಳು ಒಳಗೆ ಹೋಗ್ಲಿ. ಅವಳಿಗೆ ಸುಸ್ತಾದ್ರೆ ನೀನು.’ ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಹೀಗೆ ಅದಲು ಬದಲು ಮಾಡಬಹುದು. ಲೆಕ್ಕ ಸರಿ. ಆದರೆ ಮಗಳ ಮುಖ ಸಣ್ಣದಾಯ್ತು. ‘ಒಟ್ಟಿಗೆ ಆಡೋದು ಅಂತ ತಾನೆ ಹೇಳಿದ್ದು? ಇದ್ರಲ್ಲಿ ನಾವಿಬ್ಬರೂ ಒಂದು ನಿಮಿಷನೂ ಜೊತೆಗಿರಲ್ಲ.’

ಅದೂ ನಿಜವೇ. ಇದು ನಾಕೌಟ್. ಜರ್ಸಿ ಹೊಲಿಸಿ, ಬೆಂಗಳೂರು ಮೈಸೂರಿನಿಂದ ರಜೆ ಹಾಕಿ ಬಂದು, ಮೊದಲ ಪಂದ್ಯ ಸೋತರೆ ಮಧ್ಯಾಹ್ನದ ಊಟಕ್ಕೆ ಸೀಸನ್ನೇ ಮುಗಿದಿರುತ್ತೆ. ನಮ್ಮ ತಂಡದ ಕಥೆ ಹೆಚ್ಚಿನ ವರ್ಷ ಅಷ್ಟೇ. ಮುಂದಿನ ವರ್ಷ ನನ್ನ ಮಂಡಿ ಏನು ಹೇಳುತ್ತೋ. ಅವಳಿಗೆ ಹತ್ತನೇ ಕ್ಲಾಸ್ ಆಮೇಲಿನ ವರ್ಷ.

ಕೊನೆಗೆ ನಾನೇ ಜಾಗ ಬಿಡ್ತೀನಿ ಅಂದೆ. ಇಪ್ಪತ್ತೆರಡು ವರ್ಷದಿಂದ ಮುಂದೆ ಓಡಿದವನು ಈಗ ಒಂದು ಸಾಲು ಹಿಂದೆ, ರೈಟ್ ಹಾಫ್. ಅವಳ ಬೆನ್ನ ಹಿಂದೆಯೇ ನಾನು. ಅಣ್ಣ ನಕ್ಕು, ‘ಹಾಫ್ ಆದ್ರೆ ವಾಪಸ್ಸೂ ಓಡ್ಬೇಕು ಮಾರಾಯ, ಗೊತ್ತಲ್ಲ?’ ಅಂದ. ಗೊತ್ತು. ವಿಂಗ್‌ನಲ್ಲಿ ಚೆಂಡು ಕಳೆದುಕೊಂಡರೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲಬಹುದು, ಹಾಫ್‌ಗೆ ಆ ಸುಖ ಇಲ್ಲ. ಮಗಳು ಮಾತ್ರ ಶರತ್ತು ಹಾಕಿದಳು: ‘ಬಾಲ್ ಬಂದ ತಕ್ಷಣ ನನಗೆ ಕೊಡ್ಬೇಕು. ಮೂರು ಜನರನ್ನ ದಾಟಿಸ್ತೀನಿ ಅಂತ ನೀನೇ ಇಟ್ಕೋಬಾರ್ದು.’

ಕಳೆದ ಭಾನುವಾರ ಐನ್‌ಮನೆಯ ಕೆಳಗಿನ ಗದ್ದೆಯಲ್ಲಿ ಮೊದಲ ಅಭ್ಯಾಸ. ಕೊಯ್ಲಾದ ಗದ್ದೆಯಲ್ಲಿ ಆಡಿಯೇ ನಮ್ಮ ತಲೆಮಾರು ಹಾಕಿ ಕಲಿತದ್ದು. ಟರ್ಫ್ ಮೇಲೆ ಚೆಂಡು ಹೇಳಿದ ದಾರಿಯಲ್ಲೇ ಬರುತ್ತೆ. ಗದ್ದೆಯಲ್ಲಿ ಕೂಳೆಗೆ ತಾಗಿ ಎತ್ತಲೋ ಎಗರುತ್ತೆ. ಅವಳು ರೂಢಿಯಂತೆ ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ನಿಲ್ಲಿಸೋಕೆ ಹೋದಳು, ಚೆಂಡು ಮೇಲಿಂದ ಹಾರಿಹೋಯ್ತು. ನಾಲ್ಕೈದು ಸಲ ಹೀಗಾದ ಮೇಲೆ ಸ್ಟಿಕ್ಕನ್ನು ನೆಟ್ಟಗೆ ಹಿಡಿದು, ಮಂಡಿ ಬಗ್ಗಿಸಿ, ಮೈಯನ್ನು ಚೆಂಡಿನ ದಾರಿಗೆ ತಂದು ನಿಂತಳು. ನಾನು ಹೇಳಿಕೊಟ್ಟದ್ದಲ್ಲ. ಹೇಳಲು ಹೊರಟಾಗ ಅವ್ವ ಏರಿಯ ಮೇಲಿಂದ ‘ನೀ ಸುಮ್ನಿರು’ ಅಂದಿದ್ದರು.

ಡ್ರಾ ಇನ್ನೂ ಬಂದಿಲ್ಲ. ಮೊದಲ ಪಂದ್ಯ ಯಾರ ಮೇಲಾದರೂ ಸರಿ, ನನ್ನ ಹೆಂಡತಿಯ ತವರುಮನೆ ತಂಡದ ಮೇಲೆ ಮಾತ್ರ ಬೇಡ. ಅವಳ ಅಣ್ಣ ಲೆಫ್ಟ್ ಬ್ಯಾಕ್, ಅಂದರೆ ಸರಿಯಾಗಿ ನನ್ನ ಮಗಳ ಎದುರಿಗೆ. ‘ಸೊಸೆ ಅಂತ ಬಿಡ್ತೀಯಾ ಮಾವ?’ ಅಂತ ಇವಳು ಫೋನಿನಲ್ಲಿ ಕೇಳಿದ್ದಕ್ಕೆ, ‘ಪಂದ್ಯ ಮುಗಿದ್ಮೇಲೆ ಐಸ್‌ಕ್ರೀಮ್ ಕೊಡಿಸ್ತೀನಿ’ ಅಂದನಂತೆ. ಹಾಗೆ ಬಂದರೆ ಯಾವ ಕಡೆ ಕೂರ್ತೀಯ ಅಂತ ಹೆಂಡತಿಯನ್ನ ಕೇಳಿದೆ. ಐಸ್ ಪ್ಯಾಕ್ ಇಟ್ಟುಕೊಂಡು ನಡುಗೆರೆಯ ಹತ್ತಿರ ಕೂರ್ತಾಳಂತೆ.