ಪುಕ್ಕಟೆ ಬಂದ ಆಟಿಕೆ, ಲಕ್ಕಮ್ಮನ ಅಕ್ಕಿ

ಈ ಕಡೆ ತಲೆ ಹಾಕಿ ಐದು ತಿಂಗಳೇ ಆಯ್ತು. "ಎಲ್ಲಿ ಹೋದ್ಯಪ್ಪಾ?" ಅಂತ ಒಂದಿಬ್ಬರು ಮೇಲ್ ಕೂಡ ಹಾಕಿದ್ದರು. ಆಫೀಸು, ರಿಲೀಸು, ಮಗಳ ಜ್ವರ ಅಂತ ನೆಪ ಹೇಳಬಹುದು. ಆದರೆ ನಿಜ ಏನಂದ್ರೆ, ಬರೆಯೋಕೆ ಒಂಥರಾ ನಾಚಿಕೆ ಆಗ್ತಿತ್ತು. ಯಾಕೆ ಅಂತ ಇವತ್ತು ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗಬಹುದು, ಚಹಾ ಇಟ್ಕೊಂಡು ಕೂತ್ಕೊಳ್ಳಿ :)

ನಮ್ಮ ಪುಟ್ಟಿ ಹುಟ್ಟಿದ ಮೇಲೆ ನಾನೂ ನನ್ನ ಹೆಂಡತಿಯೂ ಮಕ್ಕಳ ಸಾಮಾನಿನ ಬಗ್ಗೆ ಬರೆಯೋಕೆ ಶುರು ಮಾಡಿದ್ದು ನಿಮಗೆ ಗೊತ್ತೇ ಇದೆ. ನಾನು ಇಲ್ಲಿ, ಅವಳು ಇನ್‌ಸ್ಟಾಗ್ರಾಂನಲ್ಲಿ. ಮೊದಲ ನಾಲ್ಕೈದು ಬರಹ ನಾವೇ ದುಡ್ಡು ಕೊಟ್ಟು ತಂದ ವಸ್ತುಗಳ ಬಗ್ಗೆ ಇದ್ದವು. ಆಮೇಲೆ ಒಂದು ದಿನ ಒಂದು ಕಂಪನಿಯಿಂದ ಮೇಲ್ ಬಂತು. "ನಿಮ್ಮ ಬರಹ ಚೆನ್ನಾಗಿದೆ, ನಮ್ಮ ಆಟಿಕೆ ಕಳಿಸ್ತೀವಿ, ಮಗು ಆಡೋ ಫೋಟೋ ಹಾಕಿ, ಎರಡು ಮಾತು ಬರೀರಿ." ಅವತ್ತು ನಮಗಾದ ಖುಷಿ ಏನು ಹೇಳಲಿ! ಕನ್ನಡದಲ್ಲಿ ಬರೆದಿದ್ದಕ್ಕೆ ಮೊದಲ ಸಲ ಏನೋ ಸಿಕ್ಕಿತ್ತು. ಅಲ್ಲಿಂದ ಶುರುವಾದದ್ದು ಒಂದೂವರೆ ವರ್ಷದಲ್ಲಿ 23 ಡಬ್ಬ ಆಯ್ತು. ಆಟಿಕೆ, ನೆಲ ಒರೆಸೋ ಮಾಪು, ಪಾತ್ರೆ ತೊಳೆಯೋ ಲಿಕ್ವಿಡ್ಡು, ಮಿಕ್ಸರ್ ಜಾರು, ಮಗುವಿನ ಚಮಚ, ಸೊಳ್ಳೆ ಬರದಂತೆ ಅಂಟಿಸೋ ಸ್ಟಿಕ್ಕರ್ರು.... ಮನೆಗೆ ಬಂದ ಅವ್ವ ಅಟ್ಟ ನೋಡಿ "ಇದೇನ್ ಮನಿನೋ, ಕಿರಾಣಿ ಅಂಗಡಿನೋ?" ಅಂದಳು.

ಅದರಲ್ಲಿ ಒಂದು ಆಟಿಕೆ ಇತ್ತು. ಒತ್ತಿದರೆ ಹಾಡುತ್ತೆ, ಬಣ್ಣಬಣ್ಣದ ದೀಪ ಹತ್ತುತ್ತೆ. ಪುಟ್ಟಿಗೆ ತುಂಬಾ ಇಷ್ಟ ಆಯ್ತು. ನನಗೆ ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಉಗುರಲ್ಲಿ ಎಬ್ಬಿಸಿದರೆ ಮುಚ್ಚಳ ಕೈಗೆ ಬರ್ತಿತ್ತು. ಒಳಗೆ ಬಿಲ್ಲೆಯಂಥ ಬಟನ್ ಸೆಲ್. ನಾನು ಬರಹದಲ್ಲಿ ಅದನ್ನೂ ಒಂದು ಸಾಲಲ್ಲಿ ಬರೆದೆ. ಪೋಸ್ಟ್ ಮಾಡೋ ಮೊದಲು ಕಂಪನಿಯವರಿಗೆ ತೋರಿಸಬೇಕಿತ್ತು, ಅದು ಅವರ ಷರತ್ತು. ಅವರು ಬಹಳ ನಯವಾಗಿ ಉತ್ತರ ಬರೆದರು. "ತುಂಬಾ ಚೆನ್ನಾಗಿದೆ, ಆ ಒಂದು ಸಾಲು ತೆಗೆದರೆ ಇನ್ನೂ ಚೆನ್ನ. ಮುಂದಿನ ತಿಂಗಳು ಹೊಸ ಮಾಡೆಲ್ ಬರ್ತಿದೆ, ಅದನ್ನೂ ಕಳಿಸ್ತೀವಿ."

ನಾನು ಆ ಸಾಲು ತೆಗೆದೆ.

ಸುಳ್ಳು ಏನೂ ಬರೀಲಿಲ್ಲ ನೋಡಿ. ಹಾಡುತ್ತೆ ಅಂದೆ, ಹಾಡ್ತಿತ್ತು. ಬಣ್ಣ ಚೆನ್ನಾಗಿದೆ ಅಂದೆ, ಚೆನ್ನಾಗೇ ಇತ್ತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಗೊತ್ತಿದ್ದ ಬಗ್ಗನ್ನು ರಿಲೀಸ್ ನೋಟ್ಸಿನಿಂದ ಅಳಿಸಿದೆ. ಆಫೀಸಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ನಾನೇ ಜಗಳ ಆಡ್ತಿದ್ದೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಬಸವಕಲ್ಯಾಣ ತಾಲೂಕಿನ ಕೊಹಿನೂರ. (ಹೌದು, ವಜ್ರದ ಹೆಸರೇ. ಹೈದರಾಬಾದಿನ ಆಫೀಸಲ್ಲಿ ಎಲ್ಲರೂ ನಗ್ತಾರೆ, ಅಭ್ಯಾಸ ಆಗಿದೆ :) ) ದೊಡ್ಡಪ್ಪನ ಮಗಳು ಅಕ್ಕ ಊರಲ್ಲೇ ಇದ್ದಾಳೆ. ಅವಳಿಗೆ ಹದಿನಾಲ್ಕು ತಿಂಗಳ ಮಗ. ಮನೆಗೆ ಹೋದ್ರೆ ಮೂಲೆಯಲ್ಲಿ ಅದೇ ಆಟಿಕೆ ಬಿದ್ದಿದೆ! ಮುಚ್ಚಳ ಇಲ್ಲ, ಸೆಲ್ಲೂ ಇಲ್ಲ.

"ಇದೆಲ್ಲಿಂದ ಬಂತಕ್ಕಾ?" ಅಂದೆ.

"ನೀನೇ ಛಲೋ ಅದ ಅಂತ ಬರ್ದಿದ್ದಿ ಅಲ್ಲ ತಮ್ಮಾ. ಪಕ್ಕದ ಮನಿ ಹುಡುಗನ ಫೋನಿನ್ಯಾಗ ಓದಿ ತರ್ಸೀನಿ. 1,299 ಕೊಟ್ಟೀನಿ."

"ಸೆಲ್ ಎಲ್ಲೈತಿ?"

"ಅದಾ? ಬಾಯಾಗ ಹಾಕ್ಕೊಂಡಿದ್ದ ಇಂವ. ತುಟಿ ಹಂತ್ಯಾಕೇ ಇತ್ತು, ಬೊಟ್ಟು ಹಾಕಿ ತೆಗ್ದೆ. ಅವತ್ತೇ ತಿಪ್ಪಿಗಿ ಒಗ್ದೀನಿ."

ಅವಳು ನಗ್ತಾ ಹೇಳಿದಳು. ನನಗೆ ಕೂತಲ್ಲೇ ಬೆವರು ಬಂತು.

ಆ ಸೆಲ್ ನುಂಗಿದ್ರೆ ಏನಾಗುತ್ತೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ವೋ, ಅದಕ್ಕೇ ಇಲ್ಲಿ ಬರೀತೀನಿ. 2032 ಅನ್ನೋ ಸೆಲ್ಲಿನಲ್ಲಿ ಆ ನಂಬರೇ ಅದರ ಅಳತೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಣ್ಣ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋಕೆ ಸರಿಯಾದ ಸೈಜು. ಅಲ್ಲಿ ಸಿಕ್ಕಿಕೊಂಡರೆ ಹಸಿ ಚರ್ಮದ ಮೂಲಕ ಕರೆಂಟ್ ಹರಿದು ಸುಡುವ ಕ್ಷಾರ ಹುಟ್ಟುತ್ತೆ. ಎರಡು ಗಂಟೆಯೊಳಗೆ ಅನ್ನನಾಳ ಸುಡೋಕೆ ಶುರು ಆಗಬಹುದು. ಸೆಲ್ ಒಡೆದು ಸೋರಬೇಕು ಅಂತೇನೂ ಇಲ್ಲ. ಮಗು ನುಂಗಿದೆ ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ಸೀದಾ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಬೇಕು. ಈಗ ಯೋಚನೆ ಮಾಡಿ, ಕೊಹಿನೂರಿನಿಂದ ರಾತ್ರಿ ಹೊತ್ತು ಅಂಥ ದೊಡ್ಡ ಆಸ್ಪತ್ರೆಗೆ ಎರಡು ಗಂಟೆಯಲ್ಲಿ ಮುಟ್ಟೋದು ಅಂದ್ರೆ....

ಅಕ್ಕನಿಗೆ ಸೋಯಾ ರಾಶಿಯಲ್ಲಿ ದಿನಕ್ಕೆ 300 ಸಿಕ್ಕಿತ್ತಂತೆ. ಅಂದ್ರೆ ನಾಲ್ಕು ದಿನದ ಕೂಲಿಗಿಂತ ಹೆಚ್ಚು ಕೊಟ್ಟು ಅವಳು ತರಿಸಿದ್ದು ನನ್ನ ಮಾತು. ಆಟಿಕೆ ಅಲ್ಲ.

ಇಲ್ಲಿಂದ ನನ್ನ ವಾದ ಶುರು. ಒಪ್ಪದಿದ್ದರೆ ಧಾರಾಳವಾಗಿ ಬೈಯಿರಿ.

"ಪುಕ್ಕಟೆ ಬಂದರೂ ನಾನು ಪ್ರಾಮಾಣಿಕವಾಗೇ ಬರೀತೀನಿ" ಅಂತ ನಾವೆಲ್ಲ ಹೇಳ್ತೀವಿ. ನಾನೂ ಹೇಳ್ತಿದ್ದೆ. ಆದರೆ ಪುಕ್ಕಟೆ ವಸ್ತು ನಮ್ಮ ಕೈಯಲ್ಲಿ ಸುಳ್ಳು ಬರೆಸೋದು ಅಪರೂಪ. ಅದು ಸಾಲು ಬಿಡಿಸುತ್ತೆ, ಅಷ್ಟೆ. ಎರಡನೇದು, ದುಡ್ಡು ಕೊಡದವನಿಗೆ ಬೆಲೆ ತಟ್ಟೋದಿಲ್ಲ. 1,299ಕ್ಕೆ ಇದು ತಕ್ಕುದಾ ಅನ್ನೋ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ, ಯಾಕಂದ್ರೆ ನನ್ನ ಜೇಬಿಂದ ಏನೂ ಹೋಗಿರಲಿಲ್ಲ. ಮೂರನೇದು, ಮುಂದಿನ ಡಬ್ಬ ಬರುತ್ತೆ ಅನ್ನೋ ಆಸೆ. ಕಂಪನಿಯವರು ಹೆದರಿಸಬೇಕಾಗಿಲ್ಲ, ಬೈಯಬೇಕಾಗಿಲ್ಲ. ಕಳಿಸೋದು ನಿಲ್ಲಿಸಿದ್ರೆ ಸಾಕು ಅಂತ ಇಬ್ಬರಿಗೂ ಗೊತ್ತು. ಇನ್ನು ಆ ಪುಕ್ಕಟೆ ಡಬ್ಬದ ಖರ್ಚು ಎಲ್ಲಿಂದ ಬಂತು? ಅಕ್ಕ ಕೊಟ್ಟ 1,299ರಲ್ಲೇ ಅದೂ ಸೇರಿತ್ತು. ಮುಫತ್ತು ಅಂತ ಯಾವುದೂ ಇಲ್ಲ ಮಾರಾಯ್ರೇ, ಬಿಲ್ಲು ಬೇರೆಯವರ ಹೆಸರಿಗೆ ಹೋಗಿರುತ್ತೆ ಅಷ್ಟೆ.

ಊರಿಂದ ಬಂದ ಮೇಲೆ ಕಾನೂನು ಏನು ಹೇಳುತ್ತೆ ಅಂತ ಕೂತು ಓದಿದೆ. ಮೊದಲೇ ಓದಬೇಕಿತ್ತು. ಅಮೆರಿಕದಲ್ಲಿ ಪುಕ್ಕಟೆ ವಸ್ತು ಪಡೆದು ಬರೆಯೋ ಬ್ಲಾಗರುಗಳು ಅದನ್ನ ಹೇಳಲೇಬೇಕು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಹೇಳಿತ್ತು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ ಕಂಪನಿಗೆ ಮಾತ್ರ ಅಲ್ಲ, ಅದನ್ನ ಹೊಗಳಿದವರಿಗೂ 10 ಲಕ್ಷದವರೆಗೆ ದಂಡ ಇದೆ. ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಜಾಹೀರಾತು ಮಾನದಂಡ ಮಂಡಳಿ, ಅಂದ್ರೆ ಎಎಸ್‌ಸಿಐ, 2021ರಲ್ಲಿ ಇನ್‌ಫ್ಲುಯೆನ್ಸರುಗಳಿಗೆ ನಿಯಮ ತಂತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನೂ ಬಿಡಿಸಿ ಹೇಳಿತು. ದುಡ್ಡಷ್ಟೇ ಅಲ್ಲ, ಪುಕ್ಕಟೆ ವಸ್ತು, ಡಿಸ್ಕೌಂಟು, ಉಡುಗೊರೆ ಎಲ್ಲವೂ ಸಂಬಂಧವೇ. ಅದನ್ನ ಎದ್ದು ಕಾಣೋ ಹಾಗೆ ಹೇಳಬೇಕು, ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಅಡಗಿಸಬಾರದು.

ನಾವು ಏನು ಮಾಡ್ತಿದ್ವಿ? ಕೊನೆಗೆ ಎಂಟು ಹ್ಯಾಶ್‌ಟ್ಯಾಗಿನ ನಡುವೆ "ಕೊಲ್ಯಾಬ್" ಅಂತ ಇಂಗ್ಲಿಷಿನಲ್ಲಿ ಒಂದು ಪದ. ನಮ್ಮ ಅಕ್ಕನಿಗೆ ಅದು ಏನು ತಿಳೀಬೇಕು? "ಇದು ಕಂಪನಿಯವರು ಪುಕ್ಕಟೆ ಕೊಟ್ಟಿದ್ದು" ಅಂತ ಕನ್ನಡದಲ್ಲಿ ಮೊದಲ ಸಾಲಲ್ಲೇ ಬರೆಯೋಕೆ ಏನು ಕಷ್ಟ ಇತ್ತು? ಕಷ್ಟ ಇರಲಿಲ್ಲ, ಇಷ್ಟ ಇರಲಿಲ್ಲ.

ಆಟಿಕೆಗಳಿಗಂತೂ ಬೇರೆಯೇ ಆದೇಶ ಇದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಅದನ್ನ ಬಿಐಎಸ್ ಕೇರ್ ಅನ್ನೋ ಆಪಿನಲ್ಲಿ ಹಾಕಿದ್ರೆ ಲೈಸೆನ್ಸ್ ಯಾರದು ಅಂತ ಗೊತ್ತಾಗುತ್ತೆ. ಎರಡು ನಿಮಿಷದ ಕೆಲಸ. 23 ಡಬ್ಬ ಬಿಚ್ಚಿದ ನಾನು ಒಂದು ಸಲವೂ ನೋಡಿರಲಿಲ್ಲ. ಇಂಜಿನಿಯರಿಂಗ್ ಓದಿ ಏನು ಬಂತು ಹೇಳಿ!

ಇನ್ನೊಂದು ಸಂಗತಿ. ಪುಟ್ಟಿ ಏಳು ತಿಂಗಳಿದ್ದಾಗ ಒಂದು ಕಂಪನಿಯವರು ಡಬ್ಬಿ ಆಹಾರದ ಸ್ಯಾಂಪಲ್ ಕಳಿಸ್ತೀವಿ ಅಂದಿದ್ದರು. ವಿಳಾಸ ಕೊಡೋದು ಮರೆತಿದ್ದಕ್ಕೆ ಅದು ಬರಲಿಲ್ಲ, ಪುಣ್ಯ. 1992ರಲ್ಲಿ ಬಂದು 2003ರಲ್ಲಿ ಇನ್ನೂ ಬಿಗಿಯಾದ ಒಂದು ಕಾಯ್ದೆ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಡಬ್ಬಿ ಆಹಾರ, ಹಾಲಿನ ಬಾಟಲಿ ಇವುಗಳ ಜಾಹೀರಾತು ಮತ್ತು ಪುಕ್ಕಟೆ ಸ್ಯಾಂಪಲ್ ಎರಡನ್ನೂ ನಿಷೇಧ ಮಾಡಿದೆ. ಪುಕ್ಕಟೆ ಕೊಟ್ಟ ಡಬ್ಬ ತಾಯಿಯ ಹಾಲು ಬಿಡಿಸುತ್ತೆ ಅಂತ ಆಗಲೇ ಕಾನೂನು ಮಾಡಿದವರಿಗೆ ಗೊತ್ತಿತ್ತು ನೋಡಿ. ನಮಗೆ ಗೊತ್ತಿರಲಿಲ್ಲ.

ನೀವು ಕೇಳಬಹುದು: "ಕನ್ನಡದಲ್ಲಿ ಬರೆದು ಒಂದು ರೂಪಾಯಿ ಹುಟ್ಟಲ್ಲ, ಒಂದು ಮಾಪು ಸಿಕ್ಕಿದ್ರೆ ಏನು ಮಹಾ ತಪ್ಪು?" ಅಂತ. ನನ್ನ ಹೆಂಡತಿಯೂ ಇದನ್ನೇ ಕೇಳಿದಳು. ನ್ಯಾಯವಾದ ಪ್ರಶ್ನೆ. ಮಗು ನೋಡ್ಕೊಂಡು, ರಾತ್ರಿ ಕೂತು ಫೋಟೋ ತೆಗೆದು ಬರೆಯೋದೂ ದುಡಿಮೆಯೇ. ಅದಕ್ಕೆ ಕೂಲಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಇಂಗ್ಲಿಷಿನಲ್ಲಿ ಒಂದು ಆಟಿಕೆಗೆ ನೂರು ಜನ ಬರೀತಾರೆ. ಒಬ್ಬ ಮುಚ್ಚಳದ ವಿಷಯ ಮುಚ್ಚಿಟ್ಟರೆ ಇನ್ನೊಬ್ಬ ಹೇಳ್ತಾನೆ. ಕನ್ನಡದಲ್ಲಿ ಅಕ್ಕನ ಕಣ್ಣಿಗೆ ಬಿದ್ದದ್ದು ನನ್ನದೊಂದೇ. ಓದೋರು ಕಡಿಮೆ, ಬರೆಯೋರು ಇನ್ನೂ ಕಡಿಮೆ ಇರೋ ಕಡೆ ಒಂದು ಸಾಲು ಬಿಟ್ಟರೆ ಅದನ್ನ ತುಂಬೋರು ಯಾರೂ ಇಲ್ಲ.

ಇನ್ನೂ ಒಂದು ಇದೆ. ಪುಕ್ಕಟೆ ಡಬ್ಬ ಕಳಿಸೋ ತಾಕತ್ತು ಯಾರಿಗಿರುತ್ತೋ ಅವರ ವಸ್ತು ಬಗ್ಗೆ ಮಾತ್ರ ನಾವು ಬರೆದ್ವಿ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚೋರು, ಕೊಪ್ಪಳದ ಕಿನ್ನಾಳದ ಚಿತ್ರಗಾರರು ನಮಗೆ ಮೇಲ್ ಹಾಕಲಿಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಬುಗುರಿ, ತುತ್ತೂರಿ ಮಾರೋ ಅಜ್ಜನಂತೂ ಹಾಕೋದೇ ಇಲ್ಲ. 23 ಡಬ್ಬದಲ್ಲಿ ಮರದ್ದು ಒಂದೂ ಇರಲಿಲ್ಲ. ಅದು ನಮ್ಮ ಆಯ್ಕೆ ಅಂದುಕೊಂಡಿದ್ದೆ. ಆಯ್ಕೆ ಮಾಡಿದ್ದು ಕೊರಿಯರಿನವನು :)

ಅವತ್ತು ರಾತ್ರಿ ಊರಲ್ಲಿ ನಿದ್ದೆ ಬರದೆ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಬಯ್ಯಲಿಲ್ಲ. "ಲಕ್ಕಮ್ಮನ ಕತಿ ಸಾಲ್ಯಾಗ ಓದಿಲ್ಲೇನು ನೀ?" ಅಂದಳು, ಅಷ್ಟೆ. ಕಲ್ಯಾಣದ ಕಡೆಯವರಿಗೆ ಆ ಕತೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳ್ತೀನಿ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು, ತಂದ. ಹೆಂಡತಿ ಲಕ್ಕಮ್ಮ ನೋಡಿದಳು. ಇದು ನಮ್ಮ ಕಾಯಕದ್ದಲ್ಲ, ಹೆಚ್ಚಿನದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಮಾರಯ್ಯ ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ಆದರೂ ಅವಳು ವಾಪಸ್ ಕಳಿಸಿದಳು. ಯಾಕೆ ಅಂತ ಶಾಲೆಯಲ್ಲಿ ನನಗೆ ತಿಳಿದಿರಲಿಲ್ಲ, ಎರಡು ಮಾರ್ಕಿಗೆ ಬರೆದು ಮರೆತಿದ್ದೆ.

ತಮಾಷೆ ಏನಂದ್ರೆ ಆದಾಯ ತೆರಿಗೆಯವರೂ ಲಕ್ಕಮ್ಮನ ಪಕ್ಷ! 2022ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭಕ್ಕೆ ಕೊಡುವವರು 10% ಟಿಡಿಎಸ್ ಹಿಡಿಯಬೇಕು ಅಂತ ಆಯ್ತು. ಆಗ ಕೊಟ್ಟ ವಿವರಣೆಯಲ್ಲಿ, ಬಳಸಿ ವಾಪಸ್ ಕೊಟ್ಟ ವಸ್ತು ಲಾಭ ಅಲ್ಲ, ಇಟ್ಟುಕೊಂಡರೆ ಲಾಭ ಅಂತ ಸ್ಪಷ್ಟವಾಗಿ ಬರೆದಿದ್ದರು. ಅಕ್ಕಿ ವಾಪಸ್ ಸುರಿದ್ರೆ ತೆರಿಗೆ ಇಲ್ಲ :)

ಈಗ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಆಗಿದೆ. ದುಡ್ಡು ಕೊಟ್ಟು ತಂದದ್ದರ ಬಗ್ಗೆ ಮಾತ್ರ ಬರೆಯೋದು. ಯಾರಾದ್ರೂ ಕಳಿಸಲೇಬೇಕು ಅಂದ್ರೆ ಮೊದಲ ಸಾಲಲ್ಲೇ ಕನ್ನಡದಲ್ಲಿ ಹೇಳೋದು, ನೋಡಿ ವಾಪಸ್ ಕಳಿಸೋದು, ಬರಹವನ್ನ ಅವರಿಗೆ ಮೊದಲು ತೋರಿಸದೇ ಇರೋದು. ಆಟಿಕೆ ಆದ್ರೆ ಐಎಸ್‌ಐ ನಂಬರು, ಬ್ಯಾಟರಿ ಮುಚ್ಚಳದ ಸ್ಕ್ರೂ ಎರಡನ್ನೂ ನೋಡಿ ಬರೆಯೋದು. ಎರಡು ತಿಂಗಳು ಮಗು ಆಡಿದ ಮೇಲೇ ಬರೆಯೋದು. ಪುಟ್ಟಿಯ ಫೋಟೋ ಇನ್ನು ಹಾಕಲ್ಲ. ಡಬ್ಬಕ್ಕೆ ಬದಲಾಗಿ ನಾವು ಕೊಡ್ತಿದ್ದದ್ದು ಅವಳ ಮುಖವನ್ನೇ ಅಲ್ವಾ, ಅವಳನ್ನ ಕೇಳದೆ.

ಹಳೆಯ 23 ಬರಹಗಳನ್ನ ಅಳಿಸಿಲ್ಲ. ಅಳಿಸಿದ್ರೆ ನನ್ನ ತಪ್ಪೂ ಅಳಿಸಿ ಹೋಗುತ್ತೆ. ಪ್ರತಿಯೊಂದರ ತಲೆಯ ಮೇಲೂ "ಇದು ಪುಕ್ಕಟೆ ಬಂದದ್ದು" ಅಂತ ಸೇರಿಸಿದ್ದೇನೆ. ಆ ಹಾಡೋ ಆಟಿಕೆಯ ಬರಹದಲ್ಲಿ ತೆಗೆದ ಸಾಲನ್ನ ಮತ್ತೆ ಹಾಕಿದ್ದೇನೆ, ಯಾವಾಗ ಯಾಕೆ ತೆಗೆದೆ ಅನ್ನೋದನ್ನೂ. ಅಕ್ಕನಿಗೆ 1,299 ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ರೊಕ್ಕ ಬ್ಯಾಡ ತಮ್ಮಾ, ಇನ್ನೊಮ್ಮಿ ಖರೆ ಬರಿ" ಅಂದಳು. ಜನವರಿಯಲ್ಲಿ ಜಾತ್ರೆಗೆ ಹೋದಾಗ ಅವಳ ಮಗನಿಗೆ ಒಂದು ಮರದ ಗಾಡಿ ಕೊಡಿಸಿದೆ. ಹಾಡಲ್ಲ, ದೀಪ ಇಲ್ಲ. ಎಳೆದುಕೊಂಡು ಅಂಗಳ ತುಂಬಾ ಓಡಾಡ್ತಾನಂತೆ. ಗಾಲಿ ಎಷ್ಟು ದಿನ ಬಾಳುತ್ತೋ ನೋಡಿ ಬರೀತೀನಿ.

ನಿಮ್ಮಲ್ಲೂ ಕೆಲವರಿಗೆ ಪುಸ್ತಕ, ಮೊಬೈಲು, ಹೋಟೆಲ್ ಊಟ ಹೀಗೆ ಪುಕ್ಕಟೆ ಬರ್ತಿರುತ್ತೆ ಅಂತ ಗೊತ್ತು. ನೀವು ಏನು ಮಾಡ್ತೀರಿ? ಬಿಟ್ಟ ಸಾಲು ಯಾವುದಾದ್ರೂ ಇದೆಯಾ? ಕಾಮೆಂಟಿನಲ್ಲಿ ಬರೀರಿ, ಬೈಗುಳವಾದರೂ ಸರಿ. ಇನ್ನು ಮೇಲೆ ಐದು ತಿಂಗಳು ಕಾಯಿಸಲ್ಲ, ಆಣೆ :)